ಟೆಸ್ಟ್‌ನಲ್ಲಿ ಸರಿ, ಪ್ರೊಡಕ್ಷನ್‌ನಲ್ಲಿ ತಪ್ಪು: ಮೇನ್‌ಫ್ರೇಮ್ ಮೆಮೊರಿಗೆ ಬಣ್ಣ ಹಾಕಿ ನೋಡಿ

ನೀವು ಕೇಳಿದ್ದು ಇಷ್ಟು: ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನಲ್ಲಿ, ಪಿಎಲ್/1 ಮತ್ತು ಕೋಬಾಲ್ ಭಾಷೆಗಳಲ್ಲಿ ಬರೆದ ಪ್ರೋಗ್ರಾಂಗಳ ಬ್ಯಾಚ್ ಜಾಬ್ ಒಂದಿದೆ. ಟೆಸ್ಟ್‌ನಲ್ಲಿ ಯಾವತ್ತೂ ತೊಂದರೆ ಇಲ್ಲ. ಪ್ರೊಡಕ್ಷನ್‌ನಲ್ಲಿ ಮಾತ್ರ ಅಪರೂಪಕ್ಕೊಮ್ಮೆ ಮೊತ್ತ ತಪ್ಪುತ್ತದೆ, ಇಲ್ಲವೇ ಎಸ್‌0ಸಿ4 ಅಬೆಂಡ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಜಾಬ್ ಅರ್ಧಕ್ಕೇ ಬೀಳುವುದು. ಯಾರೋ "ಇನಿಷಿಯಲೈಸ್ ಆಗದ ಮೆಮೊರಿ ಇರಬೇಕು, ಟ್ರ್ಯಾಪ್ ಹಾಕಿ" ಅಂದರಂತೆ. (ಇನಿಷಿಯಲೈಸ್ ಅಂದರೆ ಬಳಸುವ ಮೊದಲು ಬೆಲೆ ತುಂಬುವುದು.) ಏನದು ಟ್ರ್ಯಾಪ್, ಹೇಗೆ ಹಾಕೋದು?

ನಾನು ಸೋಮವಾರಪೇಟೆ ಹತ್ತಿರದ ಮನೆಯಿಂದಲೇ ಇದೇ ಕೆಲಸ ಮಾಡುವವನು. ಇಂಥ ಒಂದು ಬಗ್ ನನ್ನ ಹನ್ನೊಂದು ದಿನ ತಿಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಟೆಸ್ಟ್‌ನಲ್ಲಿ ಯಾಕೆ ಬರಲ್ಲ ಅನ್ನೋದು. ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಂ ಝಡ್/ಓಎಸ್ ನಿಮ್ಮ ಜಾಬ್‌ಗೆ 4096 ಬೈಟಿನ ಹೊಸ ಪೇಜ್ (ಮೆಮೊರಿಯ ತುಂಡು) ಕೊಡುವಾಗ ಸೊನ್ನೆ ಮಾಡಿಯೇ ಕೊಡುತ್ತದೆ. ಬೇರೆಯವರ ಡೇಟಾ ನಿಮಗೆ ಕಾಣಬಾರದು ಅಲ್ವಾ, ಅದಕ್ಕೆ. ಆದರೆ ನಿಮ್ಮದೇ ಜಾಬ್ ಬಳಸಿ ಬಿಟ್ಟ ಜಾಗ ಮತ್ತೆ ನಿಮಗೇ ಸಿಕ್ಕಿದರೆ ಅದನ್ನು ಯಾರೂ ತೊಳೆಯುವುದಿಲ್ಲ. ಕಾಫಿ ಕೊಯ್ಲಿನ ಚೀಲದ ಹಾಗೆ. ಹೊಸ ಚೀಲ ಖಾಲಿಯೇ ಇರುತ್ತದೆ. ಹೋದ ವರ್ಷದ ಚೀಲದ ಮೂಲೆಯಲ್ಲಿ ಒಂದಿಷ್ಟು ಕರಿಮೆಣಸು ಇದ್ದೇ ಇರುತ್ತದೆ. ಟೆಸ್ಟ್‌ನಲ್ಲಿ ನಾವು ನಾಲ್ಕು ರೆಕಾರ್ಡ್ ಓಡಿಸುತ್ತೇವೆ, ಎಲ್ಲ ಹೊಸ ಚೀಲ. ಪ್ರೊಡಕ್ಷನ್‌ನಲ್ಲಿ ಲಕ್ಷಗಟ್ಟಲೆ ರೆಕಾರ್ಡ್, ಹತ್ತಾರು ಸಬ್‌ರೂಟೀನ್, ಎಲ್ಲ ಹಳೇ ಚೀಲ.

ಇನ್ನೊಂದು ವಿಷಯ. ಸೊನ್ನೆ ಅನ್ನೋದು ತುಂಬ ಮೆತ್ತಗಿನ ತಪ್ಪು. ಕಾಂಪ್-3 ಫೀಲ್ಡ್‌ನಲ್ಲಿ (ಅರ್ಧ ಬೈಟ್‌ಗೆ ಒಂದು ಅಂಕಿಯಂತೆ ಸಂಖ್ಯೆ ಇಡುವ ಫೀಲ್ಡ್) ಬರೀ ಸೊನ್ನೆ ಇದ್ದರೆ ಲೆಕ್ಕ ಮಾಡುವಾಗ ಎಸ್‌0ಸಿ7 ಅನ್ನುವ ಅಬೆಂಡ್ ಬರುತ್ತದೆ, ಯಾಕಂದರೆ ಕೊನೆಯ ಅರ್ಧ ಬೈಟ್‌ನಲ್ಲಿ ಸರಿಯಾದ ಚಿಹ್ನೆ ಇರಬೇಕು. ಅದು ಒಳ್ಳೇದೇ, ಕೂಗಿ ಹೇಳುತ್ತದೆ. ಬೈನರಿ ಫೀಲ್ಡ್‌ಗೆ ಮಾತ್ರ ಸೊನ್ನೆ ಅಂದರೆ ಸೊನ್ನೆ, ಅದು ಸುಮ್ನೆ ಇರುತ್ತದೆ. ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಹಿಡಿದಿಡುವ ಫೀಲ್ಡ್, ಅದರ ಕಥೆ ಇನ್ನೂ ಕೆಟ್ಟದು. ಝಡ್/ಓಎಸ್‌ನಲ್ಲಿ ಸೊನ್ನೆ ವಿಳಾಸದ ಜಾಗವನ್ನು ಯಾರು ಬೇಕಾದರೂ ಓದಬಹುದು. ಬರೆಯಲು ಹೋದರೆ ಮಾತ್ರ ಎಸ್‌0ಸಿ4. ಹಾಗಾಗಿ ಖಾಲಿ ಪಾಯಿಂಟರ್ ಹಿಡಿದು ಓದುವ ಪ್ರೋಗ್ರಾಂ ವರ್ಷಗಟ್ಟಲೆ ಆರಾಮಾಗಿ ಓಡಬಲ್ಲದು.

ಟ್ರ್ಯಾಪ್ ಮಾಡುವುದು ಇಷ್ಟೇ: ಸೊನ್ನೆ ಇರುವ ಕಡೆ ಕಣ್ಣಿಗೆ ಹೊಡೆಯುವ ಬೇರೆ ಏನಾದರೂ ತುಂಬುವುದು. ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಕಡು ನೇರಳೆ ಬಣ್ಣ. ಮರುದಿನ ಮೂತ್ರ ಕೆಂಪಾದಾಗ, ತಿಂದವರು ಯಾರು ಅಂತ ಕೇಳುವ ಅಗತ್ಯವೇ ಇಲ್ಲ. ಮೆಮೊರಿಗೂ ಅದೇ ಪಾಯಸ.

ಪಿಎಲ್/1, ಕೋಬಾಲ್, ಸಿ ಆದರೆ ಆ ಪ್ರೋಗ್ರಾಂಗಳು ಓಡಲು ಬೇಕಾದ ಲ್ಯಾಂಗ್ವೇಜ್ ಎನ್ವಿರಾನ್‌ಮೆಂಟ್‌ನ ಸ್ಟೋರೇಜ್ ಆಪ್ಷನ್ ಸಾಕು. ಜೆಸಿಎಲ್‌ನಲ್ಲಿ, ಅಂದರೆ ಜಾಬ್ ಓಡಿಸುವ ಆದೇಶಗಳ ಪಟ್ಟಿಯಲ್ಲಿ, ಸಿಇಇಆಪ್ಟ್ಸ್ ಅನ್ನುವ ಡಿಡಿ ಸಾಲು ಸೇರಿಸಿ, ಅದರಲ್ಲಿ ಸ್ಟೋರೇಜ್(ಎಎ,ಬಿಬಿ,ಸಿಸಿ) ಅಂತ ಬರೆಯಿರಿ, ಇಂಗ್ಲಿಷ್ ಅಕ್ಷರದಲ್ಲೇ. ಮೂರೂ ಹೆಕ್ಸ್ (ಹದಿನಾರರ ಲೆಕ್ಕದ) ಬೆಲೆಗಳು. ಮೊದಲನೆಯದು ಹೀಪ್‌ನಲ್ಲಿ (ಬೇಕಾದಾಗ ಕೇಳಿ ಪಡೆಯುವ ಮೆಮೊರಿ) ಜಾಗ ಕೊಡುವಾಗ ತುಂಬುವುದು, ಎರಡನೆಯದು ಆ ಜಾಗ ವಾಪಸ್ ಬಂದಾಗ, ಮೂರನೆಯದು ಪ್ರತಿ ಕಾಲ್‌ಗೂ ಸ್ಟ್ಯಾಕ್‌ನಲ್ಲಿ (ಒಂದು ರೂಟೀನ್ ಓಡುವಷ್ಟು ಹೊತ್ತು ಮಾತ್ರ ಇರುವ ಮೆಮೊರಿ). ಡಂಪ್‌ನಲ್ಲಿ (ಬಿದ್ದಾಗ ತೆಗೆದ ಮೆಮೊರಿಯ ಪ್ರತಿ), ಪ್ರೋಗ್ರಾಂ ಬಳಸುತ್ತಿದ್ದ ಫೀಲ್ಡ್ ಅಥವಾ ಪಾಯಿಂಟರ್‌ನಲ್ಲಿ ಬಿಬಿಬಿಬಿ ಕಂಡರೆ ಬಿಟ್ಟುಕೊಟ್ಟ ಜಾಗವನ್ನು ಯಾರೋ ಇನ್ನೂ ಬಳಸುತ್ತಿದ್ದಾರೆ ಅಂತ ಅರ್ಥ. ನಾಲ್ಕು ಬೈಟಿನ, ಚಿಹ್ನೆ ಇರುವ ಕಾಂಪ್-5 (ಬೈನರಿ) ಫೀಲ್ಡ್‌ನಲ್ಲಿ ಎಎ ತುಂಬಿದರೆ ಅದು ಮೈನಸ್ 143 ಕೋಟಿ ಚಿಲ್ಲರೆ. ರಿಪೋರ್ಟ್‌ನಲ್ಲಿ ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ಎಎ ತುಂಬಿದ ಪಾಯಿಂಟರ್ ಸಾಮಾನ್ಯವಾಗಿ ಯಾರೂ ಇಲ್ಲದ ವಿಳಾಸಕ್ಕೆ ಹೋಗಿ, ಬರೀ ಓದಿದರೂ ಎಸ್‌0ಸಿ4 ಕೊಡುತ್ತದೆ.

ಈಗ ನನ್ನ ಕಥೆ. ನಾನಿದ್ದ ಕಂಪನಿಯ ಪಿಎಲ್/1 ಪ್ರೋಗ್ರಾಂ ಒಂದು ತಡವಾದ ಪ್ರೀಮಿಯಂಗೆ ಬಡ್ಡಿ ಲೆಕ್ಕ ಹಾಕುತ್ತಿತ್ತು. ತಿಂಗಳ ಕೊನೆಯಲ್ಲಿ ಕೆಲವು ಪಾಲಿಸಿಗಳ ಬಡ್ಡಿ ತಾನಾಗಿಯೇ ಮನ್ನಾ ಆಗುತ್ತಿತ್ತು. ಅಬೆಂಡ್ ಇಲ್ಲ, ಏನಿಲ್ಲ. ಜುಲೈ ಮಳೆ, ಮೂರು ದಿನ ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಹಿಡಿದು ಕುಶಾಲನಗರದಲ್ಲಿ ಭಾವನ ಮನೆಗೆ ಹೋಗಿ ಕೂತೆ. ಎಎ, ಬಿಬಿ, ಸಿಸಿ ಹಾಕಿ ಓಡಿಸಿದೆ. ಎಲ್ಲ ಸರಿಯಾಗಿ ಬಂತು! ಹಾಗಾದರೆ ಇದು ಮೆಮೊರಿ ಬಗ್ ಅಲ್ಲ ಅಂತ ತೀರ್ಮಾನಿಸಿ ಇನ್ನೊಂದು ವಾರ ಫೈಲ್‌ಗಳನ್ನು ಕೆದಕಿದೆ. ಅದೇ ನನ್ನ ದಡ್ಡತನ.

ಆ ಪ್ರೋಗ್ರಾಂನಲ್ಲಿ ಎಂಟು ಬಿಟ್‌ನ ಒಂದು ಫ್ಲ್ಯಾಗ್ ಇತ್ತು, ಇನಿಟ್ (ಮೊದಲ ಬೆಲೆ) ಇಲ್ಲದೆ ಡಿಕ್ಲೇರ್ ಮಾಡಿದ್ದು, ಅದರ ಜಾಗ ಸ್ಟ್ಯಾಕ್‌ನಲ್ಲಿ. ನೋಡುತ್ತಿದ್ದದ್ದು ಮೂರನೇ ಬಿಟ್ ಒಂದನ್ನೇ: 1 ಇದ್ದರೆ ಬಡ್ಡಿ ಬಿಡು. ಸಿಸಿ ಅಂದರೆ ಬಿಟ್‌ಗಳಲ್ಲಿ 11001100. ಮೂರನೇ ಬಿಟ್ ಸೊನ್ನೆ! ನನ್ನ ಬಲೆಯ ತೂತಿನಲ್ಲೇ ಮೀನು ಕೂತಿತ್ತು. ಕೊನೆಗೆ ಸಿಸಿ ತೆಗೆದು ಅದರ ತದ್ವಿರುದ್ಧ 33 ಹಾಕಿದೆ, ಅಂದರೆ 00110011. ಟೆಸ್ಟ್‌ನಲ್ಲಿ ಒಂದೇ ಒಂದು ಪಾಲಿಸಿಗೂ ಬಡ್ಡಿ ಬೀಳಲಿಲ್ಲ. ಹತ್ತು ನಿಮಿಷದಲ್ಲಿ ಸಾಲು ಸಿಕ್ಕಿತು. ಡಿಕ್ಲೇರ್‌ಗೆ ಒಂದು ಇನಿಟ್ ಸೇರಿಸಿದ್ದಷ್ಟೇ ರಿಪೇರಿ. ಆದ್ದರಿಂದ ನೀವು ಯಾವ ಬೆಲೆ ಹಾಕಿದರೂ ಎರಡು ಸಲ ಓಡಿಸಿ: ಒಮ್ಮೆ ಎಎ, ಒಮ್ಮೆ 55. ಒಮ್ಮೆ ಸಿಸಿ, ಒಮ್ಮೆ 33. ಎರಡರ ಫಲಿತಾಂಶ ಬೇರೆ ಬಂದರೆ ಬಗ್ ಇದೆ ಅಂತಲೇ.

ಅಸೆಂಬ್ಲರ್ ಪ್ರೋಗ್ರಾಂ ನೇರವಾಗಿ ಗೆಟ್‌ಮೇನ್ ಮಾಡಿದರೆ, ಅಂದರೆ ಝಡ್/ಓಎಸ್‌ನಿಂದಲೇ ಮೆಮೊರಿ ಕೇಳಿ ಪಡೆದರೆ, ಈ ಆಪ್ಷನ್ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಸಿಸ್ಟಂ ಮಟ್ಟದ ಟ್ರ್ಯಾಪ್ ಇದೆ. ಸಿಸ್ಟಂ ಸೆಟ್ಟಿಂಗ್‌ಗಳಿರುವ ಪಾರ್ಮ್‌ಲಿಬ್‌ನ ಡಯಾಗ್ ಮೆಂಬರ್‌ನಲ್ಲಿ ಟ್ರ್ಯಾಪ್ಸ್ ಅಂತ ಬರೆದು, ಸೆಟ್ ಡಯಾಗ್ ಕಮಾಂಡ್ ಕೊಟ್ಟರೆ ಆಯಿತು, ಐಪಿಎಲ್ (ಸಿಸ್ಟಂ ರೀಸ್ಟಾರ್ಟ್) ಬೇಡ. ಆದರೆ ಅದು ಇಡೀ ಎಲ್‌ಪಾರ್‌ಗೆ (ತನ್ನದೇ ಝಡ್/ಓಎಸ್ ಓಡುವ, ಮೇನ್‌ಫ್ರೇಮಿನ ಒಂದು ಪಾಲು) ತಗುಲುತ್ತದೆ. ಯಾರದೋ ಹಳೇ ಪ್ರಾಡಕ್ಟ್ ಕೂಡ ಬಿದ್ದು ಹೊರಳಾಡಬಹುದು. ನಿಮ್ಮ ಸಿಸ್ಟಮ್ಸ್ ಪ್ರೋಗ್ರಾಮರ್‌ಗೆ ಕಾಫಿ ಕುಡಿಸಿ, ಟೆಸ್ಟ್ ಎಲ್‌ಪಾರ್‌ನಲ್ಲಿ ಮಾತ್ರ ಹಾಕಿಸಿ.

ಸ್ಟೋರೇಜ್ ಆಪ್ಷನ್‌ನ ಮೂರನೇ ಬೆಲೆಯನ್ನು ಪ್ರೊಡಕ್ಷನ್‌ಗೆ ಒಯ್ಯಬೇಡಿ. ಪ್ರತಿ ಕಾಲ್‌ಗೂ ಸ್ಟ್ಯಾಕ್ ತುಂಬಬೇಕು, ಸಿಪಿಯು ಖರ್ಚು ಜಾಸ್ತಿ. ಕೆಲವರು ಎಲ್ಲ ಕಡೆ ಸ್ಟೋರೇಜ್ 00 ಹಾಕಿ "ಸರಿಯಾಯ್ತು" ಅನ್ನುತ್ತಾರೆ. ಬಗ್ ಅಲ್ಲೇ ಇರುತ್ತದೆ, ಮೇಲೆ ಚಾಪೆ ಹಾಸಿದ ಹಾಗೆ. ತುರ್ತಿಗೆ ಒಂದು ರಾತ್ರಿ ಪರವಾಗಿಲ್ಲ, ಅಷ್ಟೇ. ನಿಮ್ಮಲ್ಲಿ ಹೊಸ ಎಂಟರ್‌ಪ್ರೈಸ್ ಕೋಬಾಲ್ ಇದ್ದರೆ ಇನಿಟ್‌ಚೆಕ್ ಅನ್ನುವ ಕಂಪೈಲ್ ಆಪ್ಷನ್ ಕೂಡ ಹಾಕಿ ನೋಡಿ. ಬೆಲೆ ಕೊಡದೆ ಬಳಸಿದ ಫೀಲ್ಡ್ ಇರಬಹುದು ಅನ್ನಿಸಿದರೆ ಕಂಪೈಲ್ ಮಾಡುವಾಗಲೇ ಎಚ್ಚರಿಸುತ್ತದೆ.

ಎರಡೂ ಓಟ ಮುಗಿದ ಮೇಲೆ ಲ್ಯಾಂಗ್ವೇಜ್ ಎನ್ವಿರಾನ್‌ಮೆಂಟ್ ಬರೆಯುವ ಸಿಇಇಡಂಪ್‌ನಲ್ಲಿ ಯಾವ ಪ್ರೋಗ್ರಾಂ, ಯಾವ ಆಫ್‌ಸೆಟ್ (ಅದರೊಳಗಿನ ಜಾಗ) ಅಂತ ಇಲ್ಲಿ ಹಾಕಿ. ಕರೆಂಟ್ ಇದ್ದರೆ ಸಂಜೆ ನೋಡುತ್ತೇನೆ.