12 ಟ್ಯಾಬು, 38 ಮಕ್ಕಳು

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಗಣಿತ ಹೇಳುತ್ತೇನೆ. ಹೋದ ವರ್ಷ ದಾನಿಗಳೊಬ್ಬರು 12 ಟ್ಯಾಬ್ ಕೊಟ್ಟರು. ಕ್ಲಾಸಲ್ಲಿ ಇರೋದು 38 ಮಕ್ಕಳು. ಒಡೆದರೆ ಯಾರು ಜವಾಬ್ದಾರಿ ಅಂತ ಹೆಡ್‌ಮಾಸ್ಟರ್ ಬೀರುವಿಗೆ ಬೀಗ ಹಾಕಿಬಿಟ್ಟಿದ್ದಾರೆ. ಎರಡು ಸಲ ತೆಗೆಸಿ ಗಣಿತದ ಗೇಮ್ ಆಡಿಸಿದೆ. ಮರುದಿನವೇ ಪಾಲಕರು ಬಂದು ‘ಮನ್ಯಾಗ ಮೊಬೈಲ್ ಬಿಡಸಾಕ ಸಾಕಾಗೇತಿ, ಸಾಲ್ಯಾಗೂ ಅದಾ ಏನ್ರಿ ಸರ?’ ಅಂದರು. ಗೇಮ್ ಆಡಿದರೆ ನಿಜವಾಗಲೂ ಕಲಿಕೆ ಆಗುತ್ತಾ?

ಉತ್ತರ: ಆಗುತ್ತೆ ಸರ್. ಆದರೆ ಟ್ಯಾಬ್ ಕೈಗೆ ಕೊಟ್ಟು ನೀವು ಹಾಜರಿ ಪುಸ್ತಕ ತುಂಬಲು ಕೂತರೆ ಆಗಲ್ಲ.

ಕೊಪ್ಪಳದ ಹತ್ತಿರ ಒಂದು ಶಾಲೆಯಲ್ಲಿ ಹಿಂದಿನ ಸಾಲಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಭಿನ್ನರಾಶಿ ಗೇಮ್. ನಾಲ್ಕು ಉತ್ತರ ಬರುತ್ತೆ, ಒಂದು ಸರಿ. ನನ್ನ ಪಕ್ಕದ ಹುಡುಗ ಪ್ರಶ್ನೆ ಓದುತ್ತಲೇ ಇರಲಿಲ್ಲ. ಮೊದಲನೇದು ಒತ್ತಿದ, ಕೆಂಪು. ಎರಡನೇದು, ಕೆಂಪು. ಮೂರನೇದಕ್ಕೆ ಟಿಂಗ್ ಅಂತ ನಕ್ಷತ್ರ ಬಿತ್ತು. ಹತ್ತು ನಿಮಿಷಕ್ಕೆ ಮೂರು ಲೆವೆಲ್ ದಾಟಿದ! ಟ್ಯಾಬ್ ಮಗುಚಿ ಇಡಿಸಿ ಕೇಳಿದೆ: ಒಂದು ರೊಟ್ಟಿ ಮೂರು ಮಂದಿಗೆ ಹಂಚಿದರೆ ನಿನ್ನ ಪಾಲು ದೊಡ್ಡದೋ, ನಾಲ್ಕು ಮಂದಿಗೆ ಹಂಚಿದರೋ? ‘ಮೂರು ಮಂದಿಗ್ರಿ’ ಅಂದ, ತಟ್ಟನೆ. ಹಾಗಾದರೆ 1/3 ದೊಡ್ಡದಾ, 1/4 ದೊಡ್ಡದಾ? ‘1/4 ರೀ ಸರ. ನಾಲ್ಕು ದೊಡ್ಡದಲ್ರಿ?’

ರೊಟ್ಟಿ ಲೆಕ್ಕ ಅವನಿಗೆ ಗೊತ್ತಿತ್ತು, ಗೇಮೂ ಗೊತ್ತಿತ್ತು, ಎರಡಕ್ಕೂ ನಡುವೆ ದಾರಿಯೇ ಇರಲಿಲ್ಲ. ಆ ದಾರಿ ಮಾಡಿಕೊಡೋದು ಆ್ಯಪ್ ಕೈಯಲ್ಲಿ ಆಗಲ್ಲ, ಅದು ನಿಮ್ಮ ಕೆಲಸ. ಹತ್ತು ನಿಮಿಷ ಗೇಮ್ ಆಡಿಸಿ, ಟ್ಯಾಬ್ ಮಗುಚಿಸಿ, ಹತ್ತು ನಿಮಿಷ ಅದೇ ಲೆಕ್ಕವನ್ನು ಸ್ಲೇಟಿನ ಮೇಲೆ, ಬಾಯಲ್ಲಿ ಹೇಳಿಸಿ.

ಟ್ಯಾಬ್ ಕಮ್ಮಿ ಇರೋದು ತೊಂದರೆ ಅಲ್ಲ, ನನ್ನ ಪ್ರಕಾರ ಅದೇ ಒಳ್ಳೇದು. ಒಂದಕ್ಕೆ ಮೂವರು, ಎರಡು ಗುಂಪಿಗೆ ಮಾತ್ರ ನಾಲ್ವರು. ಬೆರಳು ಒಬ್ಬರದು, ಉತ್ತರ ಹೇಳೋದು ಇನ್ನೊಬ್ಬರು, ಸ್ಲೇಟಲ್ಲಿ ಬಿಡಿಸೋದು ಮತ್ತೊಬ್ಬರು, ಐದು ಪ್ರಶ್ನೆಗೊಮ್ಮೆ ಬದಲಿ. ಬೆರಳಿರುವವನು ಬಾಯಿ ಬಿಡೋ ಹಾಗಿಲ್ಲ ಅಂತ ಕಟ್ಟುನಿಟ್ಟು ಮಾಡಿ, ಆಗ ಸುಮ್ನೆ ಒತ್ತುವ ಆಟ ನಿಲ್ಲುತ್ತೆ. 1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಚ್ ಎಂಬ ತರಬೇತಿ ಶಿಕ್ಷಕರು ಇಬ್ಬರು ಗೆಳೆಯರ ಜೊತೆ ಸೇರಿ ಇತಿಹಾಸ ಪಾಠಕ್ಕೆ ‘ಆರೆಗಾನ್ ಟ್ರೇಲ್’ ಗೇಮ್ ಮಾಡಿದಾಗ ಕ್ಲಾಸಿಗೆ ಇದ್ದದ್ದು ದೂರದ ಕಂಪ್ಯೂಟರಿಗೆ ಫೋನ್ ಲೈನಲ್ಲಿ ಸೇರಿಸಿದ ಒಂದೇ ಟೆಲಿಪ್ರಿಂಟರ್, ಅದಕ್ಕೆ ಸ್ಕ್ರೀನೂ ಇರಲಿಲ್ಲ, ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು, ಮಕ್ಕಳು ಗುಂಪಾಗಿ ಸುತ್ತ ನಿಂತು ಚರ್ಚೆ ಮಾಡಿಯೇ ಆಡುತ್ತಿದ್ದರು. ಅದಕ್ಕೆ ಉಲ್ಟಾ, ಲಾಸ್ ಏಂಜಲೀಸ್‌ನಲ್ಲಿ 2013ರಲ್ಲಿ ಪ್ರತಿ ಮಗುವಿಗೂ ಒಂದೊಂದು ಐಪ್ಯಾಡ್ ಕೊಡೋಕೆ ಹೊರಟರು. ಕೆಲವೇ ವಾರದಲ್ಲಿ ಮಕ್ಕಳು ಅದರ ಲಾಕ್ ತಪ್ಪಿಸಿ ಬೇರೇನೋ ನೋಡತೊಡಗಿದರು, ಮರುವರ್ಷ ಯೋಜನೆಯೇ ನಿಂತುಹೋಯಿತು.

ಯಾವ ಗೇಮ್ ಅಂತೀರಾ? ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಕನ್ನಡದಲ್ಲೇ ಇದೆ, ಪುಕ್ಕಟೆ, ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ (PhET) ಅನ್ನೋ ಗಣಿತ-ವಿಜ್ಞಾನದ ಆಟಗಳ ವೆಬ್‌ಸೈಟನ್ನೂ ನೋಡಿ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದರಲ್ಲಿ ಭಿನ್ನರಾಶಿಯನ್ನು ತುಂಡು ಜೋಡಿಸಿ ಕಟ್ಟಬೇಕು, ಹಾಗಾಗಿ ಕಣ್ಣು ಮುಚ್ಚಿ ಒತ್ತಿದರೆ ಗೆಲ್ಲೋದು ಕಷ್ಟ.

ಹೆಡ್‌ಮಾಸ್ಟರ್‌ಗೆ ಒಂದು ಮಾತು ಹೇಳಿ. ಬೀರುವಿನಲ್ಲಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದರೆ ಬ್ಯಾಟರಿ ತಾನಾಗೇ ಸಾಯುತ್ತೆ, ಮಕ್ಕಳು ಒಡೆಯೋದೇ ಬೇಡ. ರಾಯಚೂರು ಸೀಮೆಯ ಬೇಸಿಗೆಯಲ್ಲಂತೂ ತಗಡಿನ ಕೋಣೆಯಲ್ಲಿ ಇಡಲೇಬೇಡಿ. ರಜೆಗೆ ಮುಂಚೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಂಪಿರೋ ಕಡೆ ಇಡಿ. ಕರೆಂಟ್ ಬಿಲ್ ಹೆದರಿಕೆಯೂ ಬೇಡ, 12 ಟ್ಯಾಬ್ ಪೂರ್ತಿ ಚಾರ್ಜ್ ಆಗೋಕೆ ಅರ್ಧ ಯೂನಿಟ್ ಕೂಡ ಬೇಕಾಗಲ್ಲ. ಪಾಲಕರನ್ನು ಒಂದು ಶನಿವಾರ ಕ್ಲಾಸಿಗೇ ಕರೆಯಿರಿ. ಅವರ ಮುಂದೆ ಭಾಷಣ ಮಾಡಬೇಡಿ, ಮಗುವೇ ತಾಯಿ ಪಕ್ಕ ಕೂತು ಒಂದು ಲೆಕ್ಕ ಬಿಡಿಸಿ ತೋರಿಸಲಿ.

ಪ್ರಶ್ನೆ: ನಮ್ಮ ಮಗ ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ‘ಇದು ಓದೋ ಗೇಮು ಮಮ್ಮಿ’ ಅಂತ ಸಂಜೆಯೆಲ್ಲ ಆಡುತ್ತಾನೆ. ಎಷ್ಟು ಹೊತ್ತು ಬಿಡಬಹುದು? (ಒಬ್ಬ ತಾಯಿ, ಕುಷ್ಟಗಿ)

ಉತ್ತರ: ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಗಿಂತ ಕಮ್ಮಿ ಇರಲಿ ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತೆ. ಅದರೊಳಗೆ ಟಿವಿಯೂ ಬಂತು, ನೆನಪಿರಲಿ ತಾಯಿ. ಓದೋ ಗೇಮು ಹೌದೋ ಅಲ್ಲವೋ ತಿಳಿಯೋಕೆ ಪಕ್ಕದಲ್ಲಿ ಐದು ನಿಮಿಷ ಕೂತು ನೋಡಿ. ಎರಡು ನಿಮಿಷಕ್ಕೊಂದು ಜಾಹೀರಾತು, ಕಾಸು ಕೊಟ್ಟು ಕಾಯಿನ್ ಕೊಳ್ಳಿ ಅನ್ನೋ ಗುಂಡಿ ಕಂಡರೆ ತೆಗೆದುಹಾಕಿ.

ಪ್ರಶ್ನೆ: ಗೇಮ್ ಆಡೋದಕ್ಕಿಂತ ಮಕ್ಕಳೇ ಗೇಮ್ ಮಾಡಿದರೆ ಹೇಗೆ? ಎಂಟನೇ ಕ್ಲಾಸಿಗೆ ಆಗುತ್ತಾ? (ಪ್ರೌಢಶಾಲೆ ಶಿಕ್ಷಕಿ, ಬಳ್ಳಾರಿ)

ಉತ್ತರ: ಧಾರಾಳವಾಗಿ ಆಗುತ್ತೆ ಮೇಡಂ, ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ, ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ‘ಸ್ಕ್ರ್ಯಾಚ್’ ಪುಕ್ಕಟೆ ಸಿಗುತ್ತೆ, ಟ್ಯಾಬ್‌ನಲ್ಲೂ ನಡೆಯುತ್ತೆ. ಚೌಕಾಬಾರದಿಂದ ಶುರು ಮಾಡಿಸಿ. ಪೂರ್ತಿ ಮನೆ ಬೇಡ, ನಾಲ್ಕು ಕವಡೆ ಹಾಕೋದಷ್ಟೇ ಸಾಕು. ಕಂಪ್ಯೂಟರಿನ ಕವಡೆ ಮಗುಚೋದು, ಅಂಗಾತ ಬೀಳೋದು ಎರಡೂ ಸಮಸಮ ಅಂತ ಬರೆದರೆ, 16 ಸಲಕ್ಕೆ ಸರಾಸರಿ ಆರು ಸಲ ಎರಡು ಬೀಳುತ್ತೆ, ನಾಲ್ಕು (ನಾಲ್ಕೂ ಅಂಗಾತ) ಒಂದು ಸಲ, ಎಂಟೂ (ನಾಲ್ಕೂ ಮಗುಚಿ) ಒಂದೇ ಸಲ. ಆಮೇಲೆ ಮನೆಯಿಂದ ನಿಜವಾದ ಕವಡೆ ತರಿಸಿ ನೂರು ಸಲ ಹಾಕಿಸಿ, ಬರೆಸಿ. ಲೆಕ್ಕ ತಾಳೆ ಆಗೋದು ಕಷ್ಟ, ಯಾಕೆಂದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಯಾವ ಕಡೆ ಜಾಸ್ತಿ ಬಿತ್ತು ಅಂತ ಮಕ್ಕಳನ್ನೇ ಕೇಳಿ, ನನಗೂ ಬರೆದು ಕಳಿಸಿ.