‘ಕ್ಯಾಂಡಿಯ ಕಣ್ಮನ ಸೆಳೆವ ತಾಣಗಳು’: ಲೇಖಕರಿಗೆ ಒಂದು ಉತ್ತರ

ಮಾನ್ಯರೇ,

ಶ್ರೀಲಂಕಾದ ಕ್ಯಾಂಡಿ ನಗರವನ್ನು ಕುರಿತು ನೀವು ಕಳುಹಿಸಿದ ಪ್ರವಾಸ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನೇ ಒಂದು ಸಾಲಿನಲ್ಲಿ ತಿಳಿಸಿ ಮುಗಿಸಬಹುದಿತ್ತು. ಆದರೆ ಏಳನೆಯ ಪುಟದಲ್ಲಿ ಕಂಸದೊಳಗೆ ನೀವು ಬರೆದಿರುವ ಒಂದು ವಾಕ್ಯ ಹಾಗೆ ಮುಗಿಸಲು ಬಿಡಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹತ್ತು ಪುಟಗಳಲ್ಲಿ ಹದಿನಾಲ್ಕು ಸ್ಥಳಗಳು ಬಂದುಹೋಗುತ್ತವೆ. ಪೆರಾದೆನಿಯದ ಸಸ್ಯೋದ್ಯಾನ ‘ಭೂಲೋಕದ ಸ್ವರ್ಗ’, ಊರ ನಡುವಿನ ಕೆರೆ ‘ಪ್ರಕೃತಿಯ ವರದಾನ’, ಸುತ್ತಲಿನ ಬೆಟ್ಟಗಳು ‘ಹಸಿರು ಸೀರೆಯುಟ್ಟ ವನದೇವತೆಯರು’, ಮಿಕ್ಕದ್ದನ್ನೆಲ್ಲ ‘ವರ್ಣಿಸಲು ಪದಗಳೇ ಸಾಲವು’. ಈ ಮಾತುಗಳನ್ನು ಹಾಗೆಯೇ ಎತ್ತಿ ಮಡಿಕೇರಿಗೋ ಊಟಿಗೋ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಪದಗಳು ಸಾಲದೆ ಹೋದವರು ಹತ್ತು ಪುಟ ಬರೆದದ್ದಾದರೂ ಹೇಗೆ ಎಂದು ಓದುಗರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ವಿಶೇಷಣಗಳನ್ನು ನಾನೇ ಹೊಡೆದುಹಾಕಬಲ್ಲೆ, ಆದರೆ ಅವುಗಳ ಹಿಂದೆ ಅಡಗಿರುವ ತಪ್ಪುಗಳನ್ನು ನೀವೇ ತಿದ್ದಬೇಕು. ಆ ಕೆರೆ ಪ್ರಕೃತಿಯ ವರದಾನವಲ್ಲ. ಕ್ಯಾಂಡಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ 1807ರಲ್ಲಿ ಗದ್ದೆಬಯಲಿಗೆ ಏರಿ ಹಾಕಿಸಿ ನೀರು ನಿಲ್ಲಿಸಿದ; ‘ರಾಜಕಾರ್ಯ’ವೆಂಬ ಹೆಸರಿನ ಬಿಟ್ಟಿ ಸೇವೆಗೆ ಬಂದ ಪ್ರಜೆಗಳು ಅದಕ್ಕೆ ಮಣ್ಣು ಹೊತ್ತರು. ಎಂಟು ವರ್ಷಗಳಾಗುವಷ್ಟರಲ್ಲಿ, 1815ರ ಮಾರ್ಚ್ 2ರಂದು, ಆ ಕೆರೆಗೆ ಸಮೀಪದಲ್ಲೇ ಮರದ ಕಂಬಗಳ ಮೇಲೆ ನಿಂತಿರುವ ಮಗುಲ್ ಮಡುವ ಎಂಬ ಸಭಾಮಂಟಪದಲ್ಲಿ ಅವನದೇ ಸರದಾರರು ಬ್ರಿಟಿಷರ ಒಡಂಬಡಿಕೆಗೆ ಒಪ್ಪಿ ರಾಜ್ಯವನ್ನು ಬಿಟ್ಟುಕೊಟ್ಟರು. ದಕ್ಷಿಣ ಭಾರತದ ನಾಯಕ್ಕರ ಮನೆತನಕ್ಕೆ ಸೇರಿದ ಆ ಅರಸನನ್ನು ವೆಲ್ಲೂರಿಗೆ ಸಾಗಿಸಲಾಯಿತು. 1832ರಲ್ಲಿ ಅವನು ಅಲ್ಲಿಯೇ ತೀರಿಕೊಂಡ. ನೀವು ಆ ಕೆರೆಯ ದಂಡೆಯ ಕಲ್ಲುಬೆಂಚಿನಲ್ಲಿ ಒಂದು ಗಂಟೆ ಕುಳಿತಿದ್ದಾಗಿ ಬರೆದಿದ್ದೀರಿ. ಎದುರಿಗಿದ್ದದ್ದು ಒಬ್ಬ ಅರಸನ ಹಟ ಮತ್ತು ಅವನ ಪತನ. ನಿಮ್ಮ ಲೇಖನದಲ್ಲಿ ಉಳಿದದ್ದು ತಂಗಾಳಿ ಮಾತ್ರ.

ಇನ್ನು ಪೆರಹೆರ, ಅಂದರೆ ಬುದ್ಧನ ಹಲ್ಲನ್ನು ಇಟ್ಟಿರುವ ದಂತಮಂದಿರದ ವಾರ್ಷಿಕ ಮೆರವಣಿಗೆ. ಮೂರು ಪುಟಗಳ ತುಂಬ ಪಂಜುಗಳು, ಡೋಲುಗಳು, ಅಲಂಕೃತ ಆನೆಗಳು ಸಾಗಿಹೋಗುತ್ತವೆ. ಆದರೆ ನೀವು ಹೋದದ್ದು ಜನವರಿಯಲ್ಲಿ ಎಂದು ಮೊದಲ ಪುಟದಲ್ಲಿಯೇ ಇದೆ, ಎಸಳ ಪೆರಹೆರ ನಡೆಯುವುದು ಜುಲೈ–ಆಗಸ್ಟ್ ಹೊತ್ತಿಗೆ. ಓದಿ ತಿಳಿದದ್ದನ್ನು ಓದಿ ತಿಳಿದದ್ದೆಂದೇ ಬರೆದಿದ್ದರೆ ನನ್ನ ಆಕ್ಷೇಪವಿರಲಿಲ್ಲ. ಅದನ್ನು ‘ಶ್ರೀಲಂಕಾದ ಮೈಸೂರು ದಸರಾ’ ಎಂದು ಕರೆದು ಕೈತೊಳೆದುಕೊಂಡಿರುವುದೂ ಸೋಮಾರಿತನ. ಅದರ ಬದಲು, ದಂತಮಂದಿರದ ಆವರಣದಲ್ಲಿ ಜನವರಿಯಲ್ಲಿಯೂ ಕಾಣಸಿಗುವ ‘ರಾಜಾ’ ಎಂಬ ದಂತದಾನೆಯ ಬಗ್ಗೆ ಬರೆಯಬಹುದಿತ್ತು. ದಶಕಗಳ ಕಾಲ ಮೆರವಣಿಗೆಯಲ್ಲಿ ಕರಂಡಕವನ್ನು (ಪವಿತ್ರ ಅವಶೇಷದ ಪೆಟ್ಟಿಗೆಯನ್ನು) ಹೊತ್ತ ಆ ಆನೆ 1988ರಲ್ಲಿ ಸತ್ತ ಮೇಲೆ ಅದರ ಚರ್ಮಕ್ಕೆ ಹದಹಾಕಿ, ಹೊಟ್ಟು ತುಂಬಿಸಿದಂತೆ ನಿಲ್ಲಿಸಿ, ಅದಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೀವು ಅದನ್ನು ನೋಡಿದ್ದೀರಿ, ಟಿಕೆಟ್ ಸಾಲಿನ ಬಗ್ಗೆ ಗೊಣಗಿದ್ದೀರಿ, ಆನೆಯ ಬಗ್ಗೆ ಒಂದಕ್ಷರವೂ ಇಲ್ಲ.

ಊರಿನ ಪಶ್ಚಿಮಕ್ಕಿರುವ ಮೂರು ಗುಡಿಗಳನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ, ‘ಇವೆಲ್ಲ ನಮ್ಮ ವಿಜಯನಗರದ ಕೊಡುಗೆ’ ಎಂದು ಹೆಮ್ಮೆಪಟ್ಟಿದ್ದೀರಿ. ಗಡಲಾದೆಣಿಯ ಮತ್ತು ಲಂಕಾತಿಲಕ 1344ರಷ್ಟು ಹಿಂದಿನವು. ವಿಜಯನಗರ ಹುಟ್ಟಿ ಆಗಿನ್ನೂ ಎಂಟು ವರ್ಷ. ಗಡಲಾದೆಣಿಯವನ್ನು ಕಟ್ಟಿದ ಗಣೇಶ್ವರಾಚಾರಿ ದಕ್ಷಿಣ ಭಾರತದ ಸ್ಥಪತಿ ಎಂಬಲ್ಲಿಗೆ ನಿಲ್ಲಿಸುವುದು ಕ್ಷೇಮ. ಕನ್ನಡದ ಕಣ್ಣಿಗೆ ಬೀಳಬೇಕಾದದ್ದು ಮೂರನೆಯ ಗುಡಿಯಾದ ಎಂಬೆಕ್ಕೆಯಲ್ಲಿತ್ತು: ಡೋಲು ಬಾರಿಸುವ ಮಂಟಪದ ಮರದ ಕಂಬಗಳ ಮೇಲೆ ಕುಸ್ತಿಯಾಳುಗಳು, ಹಾಲೂಡಿಸುವ ತಾಯಿ, ಹೆಣೆದುಕೊಂಡ ಹಂಸಗಳು, ಅವುಗಳ ನಡುವೆ ಎರಡು ತಲೆಯ ಹಕ್ಕಿ. ಅದನ್ನು ಅಲ್ಲಿಯವರೂ ಭೇರುಂಡ ಎಂದೇ ಕರೆಯುತ್ತಾರೆ. ನಮ್ಮ ರಾಜ್ಯಲಾಂಛನದ ಹಕ್ಕಿಯ ಕೆಳಗೆ ನಿಂತು ನೀವು ತೆಗೆಸಿಕೊಂಡ ಫೋಟೊ ಲೇಖನದ ಜೊತೆಗಿದೆ. ಹಕ್ಕಿಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಒಂದೇ ಮರದ ಬೆಣೆ ಇಪ್ಪತ್ತಾರು ಜಂತಿಗಳನ್ನು ಹಿಡಿದು ನಿಲ್ಲಿಸಿರುವ ಆ ಚಾವಣಿಯ ಕಡೆಗೆ ತಲೆಯೆತ್ತಿ ನೋಡಿದಿರೋ ಇಲ್ಲವೋ ತಿಳಿಯದು.

ಚಹಾ ಕಾರ್ಖಾನೆ, ರತ್ನದ ಅಂಗಡಿ, ಮಸಾಲೆ ತೋಟ, ಹೋಟೆಲಿನ ಬೆಳಗಿನ ತಿಂಡಿ ಇವನ್ನು ಪೂರ್ತಿ ಬಿಡಿ.

ಈಗ ಕಂಸದೊಳಗಿನ ವಾಕ್ಯ. ‘ದಂತಮಂದಿರದಲ್ಲಿ ಬುದ್ಧನ ಹಲ್ಲನ್ನು ಕಣ್ತುಂಬ ನೋಡಿದೆವು’ ಎಂದು ಬರೆದ ಮೇಲೆ ನೀವು ಸೇರಿಸಿದ್ದೀರಿ: ‘(ನೂಕುನುಗ್ಗಲಿನಲ್ಲಿ ಅಮ್ಮನಿಗೆ ಏನೂ ಕಾಣದಾದಾಗ ಮುಂದಿದ್ದ ಬಿಳಿ ಬಟ್ಟೆಯ ಸಿಂಹಳ ಹೆಂಗಸೊಬ್ಬಳು ತಾನು ಪಕ್ಕಕ್ಕೆ ಸರಿದು ಅಮ್ಮನ ಮೊಣಕೈ ಹಿಡಿದು ಮುಂದೆ ನಿಲ್ಲಿಸಿದಳು.)’ ಹಲ್ಲನ್ನು ನೀವು ನೋಡಿಲ್ಲ, ಪೂಜೆಯ ಹೊತ್ತಿಗೆ ಬಾಗಿಲು ತೆರೆದಾಗ ಭಕ್ತರಿಗೆ ಕಾಣುವುದು ಸ್ತೂಪದ ಆಕಾರದ ಚಿನ್ನದ ಕರಂಡಕ, ಧಾತು ಎಂದು ಪೂಜಿಸುವ ಆ ಹಲ್ಲು ಅದರೊಳಗೆ, ಒಂದರೊಳಗೊಂದಿಟ್ಟ ಕರಂಡಕಗಳ ಒಳಗೆ ಇರುತ್ತದೆ. ಗಂಟೆಗಟ್ಟಲೆ ಕಾದವರಿಗೂ ಅದರ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ. ಕಾಣದ ವಸ್ತುವಿಗಾಗಿ ಅಷ್ಟು ಜನ ಕಾದಿರುವ ಸಾಲಿನಲ್ಲಿ, ಸಿಕ್ಕ ಆ ಕ್ಷಣವನ್ನೂ ಒಬ್ಬ ಹೆಂಗಸು ಭಾಷೆ ತಿಳಿಯದ ಇನ್ನೊಬ್ಬರಿಗೆ ಬಿಟ್ಟುಕೊಟ್ಟಳು. ಕಂಸವನ್ನು ತೆಗೆದು ಲೇಖನವನ್ನು ಅಲ್ಲಿಂದಲೇ ಶುರುಮಾಡಿ. ಕೆಳಗಿನ ಅಂಗಳದಲ್ಲಿ ಡೋಲಿನವರು ಬಾರಿಸತೊಡಗಿದಾಗ ಮೇಲೆ ಸಾಲಿನಲ್ಲಿದ್ದವರು ಏನು ಮಾಡಿದರು, ಅಮ್ಮನವರು ಆ ಹೆಂಗಸಿಗೆ ಯಾವ ಭಾಷೆಯಲ್ಲಿ ಏನೆಂದರು, ಇವೆಲ್ಲ ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳು. ಕೆರೆ ಮತ್ತು ಎಂಬೆಕ್ಕೆ ಇದರ ಜೊತೆಗೆ ಬಂದರೆ ಸಾಕು.

ಒಂಬೈನೂರು ಪದಗಳ ಒಳಗೆ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ. ತಾಯಿಯವರು ಹೊರಗಿನ ಅಂಗಡಿಯಲ್ಲಿ ನೀಲಿ ನೈದಿಲೆ ಕೊಂಡರೆಂದು ಆರನೆಯ ಪುಟದಲ್ಲಿದೆ. ಕರಂಡಕದ ಮುಂದೆ ನಿಂತಾಗ ಅದು ಅವರ ಕೈಯಲ್ಲಿತ್ತೇ, ಕೊನೆಗೆ ಅದನ್ನು ಎಲ್ಲಿಟ್ಟರು ಎಂಬುದನ್ನು ಅವರನ್ನೇ ಕೇಳಿ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ