ಕರೆಂಟ್ ಇಲ್ದೆ ಮೈ ತಂಪಾಗಿಡೋ ಬಟ್ಟೆ ನಿಜವಾಗ್ಲೂ ಇದ್ಯಾ?

ಇದೆ. ಮೈಬಿಸಿ ಬರೀ ಬೆವರಲ್ಲಿ ಹೋಗಲ್ಲ, ಮನೇಲಿ ಸುಮ್ನೆ ಕೂತಿದ್ರೂ ಸುಮಾರು ಅರ್ಧ ಇನ್‌ಫ್ರಾರೆಡ್ ಅನ್ನೋ ಕಣ್ಣಿಗೆ ಕಾಣದ ಕಿರಣವಾಗಿ ಹೊರಗೆ ಹೋಗ್ತಿರತ್ತೆ, ಕಾಟನ್ ಅದನ್ನ ಹೀರ್ಕೊಂಡ್ಬಿಡತ್ತೆ. 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯೋರು ಅತಿ ಸಣ್ಣ ತೂತುಗಳಿರೋ ಪಾಲಿಎಥಿಲೀನ್ (ಒಂದು ಥರ ಪ್ಲಾಸ್ಟಿಕ್) ಬಟ್ಟೆ ಮಾಡಿದ್ರು, ಆ ತೂತಲ್ಲಿ ಬೆಳಕು ಚೆದುರೋದ್ರಿಂದ ಮೈ ಕಾಣಲ್ಲ, ಆದ್ರೆ ಇನ್‌ಫ್ರಾರೆಡ್ ಸಲೀಸಾಗಿ ದಾಟತ್ತೆ, ಹಾಗಾಗಿ ಕಾಟನ್‌ಗಿಂತ ಚರ್ಮ ಸುಮಾರು 2 ಡಿಗ್ರಿ ತಂಪು. ಬೆಚ್ಚಗಿರ್ಬೇಕಂದ್ರೆ ಉಲ್ಟಾ, ಟ್ರೆಕ್ಕಿಂಗಲ್ಲಿ ಹೊದಿಯೋ ಬೆಳ್ಳಿ ಬಣ್ಣದ ಫಾಯಿಲ್ ಶೀಟ್ ಆ ಬಿಸೀನ ವಾಪಸ್ ಮೈಗೇ ಕಳ್ಸತ್ತೆ.

ಹೀಗೇ ಕರೆಂಟ್ ಇಲ್ದೆ ಮನೆ ತಂಪಾಗಿಡೋಕೆ ಬೆಂಗ್ಳೂರಲ್ಲಿ ಈಗ್ಲೇ ಮಾಡ್ಬೋದಾಗಿರೋದು ಟೆರೇಸ್‌ಗೆ ಬಿಸಿಲನ್ನ ವಾಪಸ್ ಕಳ್ಸೋ ಬಿಳಿ ಕೂಲ್ ರೂಫ್ ಪೇಂಟ್. ನಮ್ಮನೇಲಿ ಅರ್ಧ ಬಳ್ದಿದ್ದಾಗ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡ್ದೆ, ಬಿಳಿ ಕಡೆ ಆರಾಮಾಗಿ ನಿಲ್ಬೋದಿತ್ತು, ಬರೀ ಸಿಮೆಂಟ್ ಕಡೆ ಕಾಲಿಟ್ಟಿದ್ದೇ ಚುರ್ ಅಂತು.